ಅವ್ವನ ಪುಂಡಿ, ನನ್ನ ಚಟ್ನಿಪುಡಿ

ಸೊಪ್ಪಿನ ಕಟ್ಟು ಕೈಗೆ ಬಂದರೆ ಎಲ್ಲರೂ ಮೊದಲು ಎಲೆ ನೋಡುತ್ತಾರೆ. ನಾನು ಅದನ್ನು ಕಟ್ಟಿದ ದಾರ ನೋಡುತ್ತೇನೆ. ಸಂತೆಯಲ್ಲಿರಲಿ, ಮನೆ ಮುಂದೆ ಬರುವ ತಳ್ಳುಗಾಡಿಯಲ್ಲಿರಲಿ, ಮೆಂತ್ಯವೋ ರಾಜಗಿರಿಯೋ ಸಬ್ಬಸಿಗೆಯೋ, ಕಟ್ಟನ್ನು ತಲೆಕೆಳಗು ಮಾಡಿ, ಕನ್ನಡಕ ಹಣೆಗೇರಿಸಿ, ಸುತ್ತಿದ್ದು ಪ್ಲಾಸ್ಟಿಕ್ಕೋ ಬಾಳೆನಾರೋ ಎಂದು ಪರೀಕ್ಷಿಸುತ್ತೇನೆ. ಪಕ್ಕದಲ್ಲಿ ಹೆಂಡತಿ ವಿಶಾಲಾಕ್ಷಿ ಇದ್ದರೆ, "ಬರ್ರಿ ಸಾಕು, ಅದೇನ್ ಕನ್ಯಾ ನೋಡಾಕ ಬಂದೀರೇನು?" ಎಂದು ಕೈ ಹಿಡಿದು ಎಳೆಯುತ್ತಾಳೆ. ಸೊಪ್ಪು ಮಾರುವ ಒಬ್ಬಾಕೆ ನನ್ನನ್ನು ಯಾವುದೋ ಇಲಾಖೆಯ ಸಾಹೇಬನೆಂದು ತಿಳಿದು ಹೆದರಿ ಒಂದು ಕಟ್ಟು ಹೆಚ್ಚಿಗೆ ಕೊಟ್ಟದ್ದೂ ಉಂಟು. ನಾನು ಬರೀ ಗಣಿತದ ಮೇಷ್ಟ್ರು ಎಂದು ಹೇಳಿ ವಾಪಸು ಕೊಟ್ಟೆ.

ಈ ಚಟ ಅಂಟಿದ್ದು ಪುಂಡಿಯಿಂದ. ಪುಂಡಿ ಗೊತ್ತಿಲ್ಲದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರ ಬಗ್ಗೆ ನನಗೆ ನಿಜವಾಗಿಯೂ ಮರುಕವಿದೆ. ಅದೊಂದು ಹುಳಿ ಸೊಪ್ಪು. ಬಿಟ್ಟರೆ ಆಳೆತ್ತರ ಬೆಳೆಯುತ್ತದೆ. ಬೆರಳು ಅಗಲಿಸಿದ ಅಂಗೈಯಂಥ ಎಲೆ, ನಡುವೆ ಕೆಂಪು ಕಣ್ಣಿರುವ ತಿಳಿಹಳದಿ ಹೂವು. ನಮ್ಮ ಹರಪನಹಳ್ಳಿ, ಕೊಟ್ಟೂರು, ಹಡಗಲಿ ಕಡೆ ಜೋಳದ ರೊಟ್ಟಿ ತಟ್ಟುವ ಸಪ್ಪಳ ಕೇಳಿಸಿದ ಮನೆಯಲ್ಲಿ ಪುಂಡಿ ಪಲ್ಯ ಇರಲೇಬೇಕು. ಅದರ ಎಳೆ ಚಿಗುರನ್ನು ಶಾಲೆಯಿಂದ ಬರುವ ದಾರಿಯಲ್ಲಿ ಹಸಿಯಾಗಿಯೇ ಮೇಯ್ದು, ಮನೆಗೆ ಬಂದ ಮೇಲೆ ಹಲ್ಲು ಜುಮ್ಮೆಂದು ರೊಟ್ಟಿ ಕಚ್ಚಲಾಗದೆ ಕೂತ ದಿನಗಳು ನನ್ನ ಬಾಲ್ಯದಲ್ಲಿ ಲೆಕ್ಕವಿಲ್ಲದಷ್ಟಿವೆ. ಲೆಕ್ಕದ ಮೇಷ್ಟ್ರೇ ಹೀಗೆ ಹೇಳುತ್ತಿದ್ದೇನೆ ಎಂದರೆ ನಂಬಿರಿ.

ಆಗ ನಾವು ಕೋಗಳಿ ಪಕ್ಕದ ನಮ್ಮ ಹಳ್ಳಿಯಲ್ಲಿದ್ದೆವು. ಶೇಂಗಾ ಹೊಲದಲ್ಲಿ ಎಂಟು ಸಾಲಿಗೊಂದು ಸಾಲು ಅವ್ವ ಪುಂಡಿ ಹಾಕುತ್ತಿದ್ದಳು. ಮೊದಲ ಸಲ ಪಲ್ಯಕ್ಕೆ ಸೊಪ್ಪು ತರಲು ನನ್ನನ್ನು ಕಳಿಸಿದಾಗ ನಾನು ಶ್ರದ್ಧೆಯಿಂದ ಹದಿನೈದು ಗಿಡಗಳನ್ನು ಬೇರುಸಹಿತ ಕಿತ್ತು, ಮಣ್ಣು ಝಾಡಿಸಿ, ಹೆಗಲ ಮೇಲೆ ಹೊತ್ತು ತಂದೆ. ಅವ್ವ ನೋಡಿ ಹಣೆ ಚಚ್ಚಿಕೊಂಡಳು. "ಲೇ, ಹೆರಳು ಹಾಕ್ಕೊಂಡ್ ಬಾ ಅಂದ್ರ ತಲಿನ ಕಿತ್ಗೊಂಡ್ ಬಂದಿಯಲ್ಲೋ! ಪುಂಡಿ ಚಿವುಟಬೇಕು. ಒಂದು ಕುಡಿ ಚಿವುಟಿದ್ರ ಎರಡು ಕುಡಿ ಒಡಿತಾವ." ಆಮೇಲೆ ಕೈ ಹಿಡಿದು ಹೊಲಕ್ಕೆ ಕರೆದೊಯ್ದು ಕಲಿಸಿದಳು. ಕುಡಿಗಳನ್ನು ಒಂದು ಹಿಡಿಯಾಗಿ ಜೋಡಿಸಿ, ಬಲಿತ ಪುಂಡಿ ಗಿಡದ ಸಿಪ್ಪೆಯನ್ನು ಉದ್ದಕ್ಕೆ ಸೀಳಿ, ಆ ನಾರಿನಿಂದಲೇ ಎರಡು ಸುತ್ತು ಸುತ್ತುತ್ತಿದ್ದಳು. ಗಂಟು ಹಾಕುತ್ತಿರಲಿಲ್ಲ. ನಾರಿನ ತುದಿಯನ್ನು ಸುತ್ತಿನೊಳಗೆ ಕೆಳಮುಖವಾಗಿ ತೂರಿಸಿ ಎಳೆದರೆ ಮುಗಿಯಿತು.

ಅವ್ವನ ಪುಂಡಿ ಎಲ್ಲರ ಪುಂಡಿಯಂತಲ್ಲ. ಸಾಮಾನ್ಯವಾಗಿ ಸಿಗುವುದು ಕೆಂಪು ದಂಟಿನದು, ಹುಳಿ ಜೋರು. ಅವ್ವನದು ಹಸಿರು ದಂಟು, ಎಲೆಯ ಅಂಚಿಗೆ ಮಾತ್ರ ಒಂದು ಕೆಂಪು ಗೀರು, ಹುಳಿ ಹದ. ಅವಳ ಅತ್ತೆ ಅವಳಿಗೆ ಕೊಟ್ಟ ಬೀಜವಂತೆ. ನನ್ನ ನೌಕರಿಗಾಗಿ ನಾವೆಲ್ಲ ಹರಪನಹಳ್ಳಿಗೆ ಬಂದು ಮನೆ ಕಟ್ಟಿಸಿದಾಗ, ಹೊಲ ಚಿಕ್ಕಪ್ಪನ ಮಗನ ಪಾಲಿಗೆ ಹೋಯಿತು. ಬೀಜ ಮಾತ್ರ ಅವ್ವನ ತೊಡೆಯ ಮೇಲೆ ಕೂತು ಬಂತು. ಬೂದಿ ಬೆರೆಸಿ, ಬಟ್ಟೆಯಲ್ಲಿ ಕಟ್ಟಿ, ಒಣಗಿದ ಸೋರೆಬುರುಡೆಯೊಳಗೆ ಇಟ್ಟ ಬೀಜ. ಪ್ರತಿ ವರ್ಷ ಹಿತ್ತಲಲ್ಲಿ ಬಿತ್ತುವುದು, ಸೀಗೆ ಹುಣ್ಣಿಮೆಗೆ ಅದರ ಪಲ್ಯ ಮಾಡಿ ಊರ ಹೊಲಕ್ಕೆ ಒಯ್ಯುವುದು, ಒಂದಿಷ್ಟು ಗಿಡ ಬೀಜಕ್ಕೆ ಬಿಟ್ಟು ಮತ್ತೆ ಬುರುಡೆ ತುಂಬುವುದು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಹೋದ ವರ್ಷ ಬೇಸಿಗೆ ರಜೆಗೆ ಮುಂಚೆ ಅವ್ವ, ವಿಶಾಲಾಕ್ಷಿ ಇಬ್ಬರೂ ಕೊಟ್ಟೂರಿಗೆ ಮದುವೆಗೆ ಹೋದರು. ಮೂರು ದಿನ ಮನೆಯಲ್ಲಿ ನಾನೊಬ್ಬನೇ. ಗಂಡಸಿಗೆ ಅಡುಗೆಮನೆ ಒಪ್ಪಿಸಿ ಹೋದರೆ ಒಂದೋ ಅವನು ಉಪವಾಸ ಇರುತ್ತಾನೆ, ಇಲ್ಲವೇ ಸಂಶೋಧನೆ ಮಾಡುತ್ತಾನೆ. ನಮ್ಮ ಕಡೆ ಪುಂಡಿ ಬೀಜವನ್ನು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿ ಚಟ್ನಿಪುಡಿ ಮಾಡುತ್ತಾರೆ. ಅದರ ನೆನಪಾಯಿತು. ಡಬ್ಬಿಗಳನ್ನೆಲ್ಲ ತಡಕಾಡಿದೆ, ಸಿಗಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಸೋರೆಬುರುಡೆ ಕಂಡಿತು. ಬಿಚ್ಚಿದರೆ ಬೀಜದ ತುಂಬ ಬೂದಿ! ಪಾಪ, ಅವ್ವನಿಗೆ ವಯಸ್ಸಾಯಿತು, ಒಲೆಯ ಬೂದಿ ಬಿದ್ದದ್ದೂ ಗೊತ್ತಾಗಿಲ್ಲ ಎಂದುಕೊಂಡು ಮೂರು ನೀರಿನಲ್ಲಿ ತೊಳೆದೆ. ರೈತನ ಮಗ ನಾನು. ಅದು ಅವ್ವನ ಬಿತ್ತನೆಯ ಬುರುಡೆ ಎಂಬುದಾಗಲಿ, ಬಿತ್ತನೆ ಬೀಜಕ್ಕೆ ಹುಳು ಹತ್ತದಿರಲೆಂದು ಬೂದಿ ಹಾಕುತ್ತಾರೆ ಎಂಬುದಾಗಲಿ ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಮಾಳಿಗೆಯ ಮೇಲೆ ಒಣಗಿಸಿ, ಬಾಣಲೆಯಲ್ಲಿ ಘಮ್ಮೆನ್ನುವಂತೆ ಹುರಿದು ಕುಟ್ಟಿದೆ.

ಚಟ್ನಿಪುಡಿ ಅದ್ಭುತವಾಗಿತ್ತು. ಸುಳ್ಳೇಕೆ ಹೇಳಲಿ? ಮರುದಿನ ಶಾಲೆಗೆ ಒಯ್ದೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಬೆರಳು ಚೀಪಿದರು. ವಿಜ್ಞಾನದ ಮೇಡಂ ಕಾಗದದಲ್ಲಿ ಕಟ್ಟಿಕೊಂಡು ಮನೆಗೂ ಒಯ್ದರು. ನನ್ನ ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಯಾವ ಪ್ರಮೇಯ ಸಾಧಿಸಿದಾಗಲೂ ಅಷ್ಟು ಮೆಚ್ಚುಗೆ ಸಿಕ್ಕಿರಲಿಲ್ಲ.

ವಿಶಾಲಾಕ್ಷಿ ಬಂದವಳೇ ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಗೂಟದ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

"ಬುರುಡ್ಯಾಗಿಂದ ತಗದ್ರೇನು?"

"ಹೂಂ. ಬೂದಿ ಆಗಿತ್ತು, ಚಂದಗೆ ತೊಳದೆ."

ಅವಳು ಡಬ್ಬಿ ಮುಚ್ಚಿ ಕೆಳಗಿಟ್ಟಳು. "ಅತ್ತಿ ಬಿತ್ತೋ ಬೀಜರೀ ಅದು. ಅಷ್ಟೂ ಹುರದ್ರ್ಯಾ?"

ಅಷ್ಟೂ ಹುರಿದಿದ್ದೆ. ಒಂದು ಕಾಳು ಉಳಿದಿರಲಿಲ್ಲ. ಅವ್ವ ಅಂಗಳದಲ್ಲಿ ಮದುವೆಯ ಎಲೆಅಡಿಕೆ ಮೆಲ್ಲುತ್ತ ಪಕ್ಕದ ಮನೆಯವರಿಗೆ ಬೀಗರ ವರ್ಣನೆ ಮಾಡುತ್ತಿದ್ದಳು. ಆಗಲೇ ಹೋಗಿ ಹೇಳಿಬಿಡಬೇಕಿತ್ತು. ಐವತ್ತು ದಾಟಿದ ನಾನು, ದಿನವೂ ಮಕ್ಕಳಿಗೆ ತಪ್ಪು ಒಪ್ಪಿಕೊಳ್ಳಿರೆಂದು ಉಪದೇಶಿಸುವ ನಾನು, ಬಾಲ ಮುದುರಿಕೊಂಡು ಹಿಂಬಾಗಿಲಿನಿಂದ ಪೇಟೆಗೆ ಓಡಿದೆ. ಬೀಜದ ಅಂಗಡಿಯಿಂದ ಪುಂಡಿ ಬೀಜ ತಂದು, ಒಲೆಯ ಬೂದಿ ಬೆರೆಸಿ, ಅದೇ ಬಟ್ಟೆಯಲ್ಲಿ ಕಟ್ಟಿ ಬುರುಡೆಗೆ ತುಂಬಿದೆ. ಬೀಜ ನೋಡಲು ಒಂದೇ ತರಹ ಇದ್ದವು. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಮುಂಗಾರು ಮಳೆ ಬಿತ್ತು. ಅವ್ವ ಹಿತ್ತಲಲ್ಲಿ ಸಾಲು ಹೊಡೆದು ಬಿತ್ತಿದಳು. ಮೊಳಕೆ ಬಂತು, ಗೇಣುದ್ದ ಆಯಿತು. ದಂಟು ದಿನದಿನಕ್ಕೂ ಕೆಂಪಾಗತೊಡಗಿತು. ಅವ್ವ ಬೆಳಿಗ್ಗೆ ಹೋಗಿ ಬಗ್ಗಿ ನೋಡುತ್ತಿದ್ದಳು, ಸಂಜೆ ಹೋಗಿ ಬಗ್ಗಿ ನೋಡುತ್ತಿದ್ದಳು. ಒಂದು ದಿನ ಎಲೆ ಕಿತ್ತು ಬಾಯಿಗೆ ಹಾಕಿಕೊಂಡು, ಅಗಿದು, ಉಗುಳಿ ಒಳಗೆ ಬಂದಳು. ನಾನು ಉತ್ತರಪತ್ರಿಕೆಗಳ ಹಿಂದೆ ಮುಖ ಮುಚ್ಚಿಕೊಂಡೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವ್ವ ಬೈಯಲಿಲ್ಲ.

"ವಿಶಾಲಾ," ಎಂದಳು ಸೊಸೆಗೆ, "ಇದು ನಮ್ ಪುಂಡಿ ಅಲ್ಲವಾ. ಹೋದ್ಸಲ ಬೀಜ ಹಿಡಿಯಾಗ ಎಲ್ಲೋ ನನ್ನ ಕೈ ತಪ್ಪೈತಿ. ಕಣ್ಣು ಮಂಜಾಗ್ಯಾವ, ಯಾವ್ದು ಯಾವ್ದಂತ ತಿಳಿವಲ್ದು. ಇನ್ನ ಈ ಬುರುಡಿ ನೀನ ಇಟ್ಗ."

ಸೊಸೆಯ ಕೈಗೆ ಬುರುಡೆ ಕೊಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಹೇಳಬೇಕಾದವರು ನೀವೇ ಎನ್ನುವಂತೆ ವಿಶಾಲಾಕ್ಷಿ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲಿನ ದಿನಗಳಲ್ಲಿ ನಾನು ಕಂಡದ್ದು ಬೇರೆಯೇ ಅವ್ವನನ್ನು. ಸಾರಿಗೆ ಉಪ್ಪು ಹಾಕುವ ಮುಂಚೆ "ಇಷ್ಟು ಸಾಕೇನವಾ?" ಎಂದು ಕೇಳುವಳು. ಮಜ್ಜಿಗೆ ಕಡೆಯಲು ಹೋಗಿ, "ನೀನ ನೋಡು, ನನಗ ಗೊತ್ತಾಗಂಗಿಲ್ಲ" ಎಂದು ಕೈಬಿಡುವಳು. ಎಪ್ಪತ್ತೆಂಟು ವರ್ಷ ತನ್ನ ಕೈಯನ್ನು ನಂಬಿ ಬದುಕಿದ ಹೆಂಗಸು ಆ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಸೀಗಿ ಹುಣ್ಣಿಮಿಗೆ ಈ ಸಲ ಪುಂಡಿ ಬ್ಯಾಡ, ಬದ್ನಿಕಾಯಿ ಮಾಡ್ರಿ" ಎಂದಾಗಲಂತೂ ನಾನು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಹೇಗಾದರೂ ಆ ಬೀಜ ಹುಡುಕಬೇಕು ಎಂದು ಹಟ ಹಿಡಿದೆ. ಪ್ರತಿ ಭಾನುವಾರ ಸ್ಕೂಟರ್ ಏರಿ ಹೊರಟೆ. ಮೊದಲು ಕೋಗಳಿ ಕಡೆಯ ನಮ್ಮ ಹಳ್ಳಿಗೇ ಹೋದೆ. ಹೊಲ ತುಂಬ ಮೆಕ್ಕೆಜೋಳ. ಚಿಕ್ಕಪ್ಪನ ಮಗ ನಕ್ಕ: "ಕಳೆನಾಶಕ ಹೊಡಿತೀವಿ ಅಣ್ಣಾ, ಪುಂಡಿ ಎಲ್ಲಿ ಉಳಿತೈತಿ?" ಕೊಟ್ಟೂರು, ಕೂಡ್ಲಿಗಿ ಎಲ್ಲ ಸುತ್ತಿದೆ. ಹೋದಲ್ಲೆಲ್ಲ ಸೊಪ್ಪು ಮಾರುವವರ ಮುಂದೆ ಕುಕ್ಕರಗಾಲಲ್ಲಿ ಕೂತು ಪುಂಡಿಯ ದಂಟು ನೋಡಿದೆ. ಎಲ್ಲ ಕೆಂಪು. ಮನೆಯಲ್ಲಿ ಮಾತ್ರ ತರಬೇತಿ ಇದೆ, ಸಭೆ ಇದೆ ಎಂದು ಹೇಳುತ್ತಿದ್ದೆ. "ಭಾನುವಾರನೂ ಬಿಡವಲ್ರಲ್ಲ ನನ್ನ ಮಗನ್ನ" ಎಂದು ಅವ್ವ ಸರ್ಕಾರವನ್ನು ಶಪಿಸುತ್ತಿದ್ದಳು.

ಕೊನೆಗೆ ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ, ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಏಳೆಂಟು ಕಟ್ಟು ಪುಂಡಿ ಹಾಕಿಕೊಂಡು ಕೂತ ಒಬ್ಬಾಕೆ ಕಂಡಳು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ದಂಟಲ್ಲ, ನಾರು. ಪುಂಡಿಯದೇ ನಾರು, ಎರಡು ಸುತ್ತು, ಗಂಟಿಲ್ಲ, ತುದಿ ಕೆಳಮುಖವಾಗಿ ಒಳಗೆ! ಕಟ್ಟು ತಿರುಗಿಸಿದೆ. ಹಸಿರು ದಂಟು. ಎಲೆಯಂಚಿಗೆ ಕೆಂಪು ಗೀರು. ಒಂದು ಎಲೆ ಬಾಯಿಗೆ ಹಾಕಿಕೊಂಡೆ. ಸಂತೆಯ ಮಧ್ಯೆ ಒಬ್ಬ ಪ್ಯಾಂಟು ಹಾಕಿದ ಮನುಷ್ಯ ಹಸಿ ಸೊಪ್ಪು ತಿನ್ನುತ್ತ ಕಣ್ಣೀರು ಸುರಿಸುತ್ತಿರುವುದನ್ನು ನೋಡಿ ಆಕೆ ಗಾಬರಿಯಾದಳು.

"ಯಾಕ್ರೀ ಅಣ್ಣಾರ, ಹುಳಿ ಭಾಳ ಆತೇನು?"

"ಇಲ್ಲವ್ವ. ಇದರ ಬೀಜ ಎಲ್ಲಿಂದು?"

"ನಮ್ಮತ್ತಿ ಇಟ್ಟಾಳ. ಮೈಲವ್ವ ಅಂತ. ಹಿರೇಹಡಗಲಿ ಹತ್ರ ನಮ್ಮೂರು."

ಮರುದಿನವೇ ರಜೆ ಹಾಕಿ ಹೋದೆ. ಮೈಲವ್ವ ಕುರಿಹಟ್ಟಿಯ ಮುಂದೆ ಕಂಬಳಿ ಹಾಸಿಕೊಂಡು ಕೂತಿದ್ದಳು. ಅವ್ವನ ವಯಸ್ಸಿನವಳೇ. ನಾನು ಯಾವ ಊರಿನವನೆಂದು ಹೇಳುತ್ತಿದ್ದಂತೆ ಮುಖ ಅರಳಿತು. ಒಂದು ಕಾಲಕ್ಕೆ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದವರು ಇವರೇ. "ನೀಲಕ್ಕನ ಮಗನೇನು ನೀನು? ಟಗರಿನ ಕೊಂಬು ಹಿಡಿಯಾಕ ಹೋಗಿ ಬೇಲ್ಯಾಗ ಬಿದ್ದು ಅತ್ತಾಂವ?" ಎಂದಳು. ಇಂಥ ವಿಷಯಗಳನ್ನು ಜನ ಏಕೆ ಮರೆಯುವುದಿಲ್ಲವೋ ನನಗೆ ತಿಳಿಯದು. ಆ ಹೊಲದಿಂದ ಹೊರಡುವ ದಿನ ಅವ್ವ ಮೈಲವ್ವನ ಸೆರಗಿನ ಉಡಿಗೆ ಒಂದು ಹಿಡಿ ಪುಂಡಿ ಬೀಜ ಹಾಕಿದ್ದಳಂತೆ, ಕುಡಿ ಚಿವುಟುವುದನ್ನೂ ನಾರು ಸುತ್ತುವುದನ್ನೂ ಕಲಿಸಿದ್ದಳಂತೆ. ಅಂದಿನಿಂದ ಮೈಲವ್ವ ಒಂದು ವರ್ಷವೂ ತಪ್ಪಿಸಿರಲಿಲ್ಲ.

ನಾನು ಚೀಲ ಬಿಚ್ಚಿ ಕೈ ಒಡ್ಡಿದೆ. ಮೈಲವ್ವ ತಲೆ ಅಲ್ಲಾಡಿಸಿದಳು.

"ಹಂಗ ಕೊಡಂಗಿಲ್ಲ ಮೇಷ್ಟ್ರ. ಗಂಡಸರ ಚೀಲಕ್ಕ ಹಾಕೋ ಬೀಜ ಅಲ್ಲ ಇದು. ನಿಮ್ಮವ್ವ ನನ್ನ ಉಡ್ಯಾಗ ಹಾಕಿದ್ಲು. ತಿರುಗಿ ಆಕಿ ಉಡಿಗೇ ಹೋಗಬೇಕು. ನೀಲಕ್ಕನ್ನ ಕರ್ಕೊಂಡ್ ಬಾ."

"ಆಕಿಗೆ ವಯಸ್ಸಾಗೇತಿ..."

"ನನಗೇನ್ ಹರೇ ಬಂದೈತೇನು? ಕರ್ಕೊಂಡ್ ಬಾ."

ಹೀಗೆ ಸಿಕ್ಕಿಬಿದ್ದೆ. ಅವ್ವನನ್ನು ಕರೆತರಬೇಕೆಂದರೆ ಏಕೆ ಎಂದು ಹೇಳಬೇಕು. ಏಕೆ ಎಂದು ಹೇಳಿದರೆ ಎಲ್ಲ ಹೇಳಬೇಕು. ಅಂದು ಸಂಜೆ ಅಡುಗೆಮನೆಯಲ್ಲಿ ವಿಶಾಲಾಕ್ಷಿ ರೊಟ್ಟಿ ತಟ್ಟುತ್ತಿದ್ದಳು, ಅವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತು ಒಂದೇ ಉಸಿರಿಗೆ ಹೇಳಿದೆ. ತೊಳೆದದ್ದು, ಹುರಿದದ್ದು, ಅಂಗಡಿಯ ಬೀಜಕ್ಕೆ ಬೂದಿ ಬೆರೆಸಿದ್ದು, ಸಭೆ ಎಂದು ಸುಳ್ಳು ಹೇಳಿ ಸಂತೆ ಸುತ್ತಿದ್ದು. ರೊಟ್ಟಿ ತಟ್ಟುವ ಸಪ್ಪಳ ನಿಂತಿತು. ಅವ್ವ ಕೈಯಲ್ಲಿದ್ದ ಬೆಳ್ಳುಳ್ಳಿ ತಟ್ಟೆಗೆ ಹಾಕಿ ತಲೆ ಎತ್ತಿದಳು.

"ರುಚಿ ಇತ್ತೇನು?" ಎಂದಳು.

"ಇತ್ತವ್ವ."

ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ, ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಹೊಸ ಕುಬಸದ ಬಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಹಿರೇಹಡಗಲಿ ಬಸ್ಸು ಎಷ್ಟೊತ್ತಿಗೆ ಐತಿ?"

ಇಬ್ಬರು ಮುದುಕಿಯರ ಭೇಟಿಯನ್ನು ನಾನು ವರ್ಣಿಸಲಾರೆ. ಅವರು ಬೈದಾಡಿಕೊಂಡರು, ನಕ್ಕರು, ಸತ್ತವರನ್ನೆಲ್ಲ ನೆನೆದು ಅತ್ತರು. ಅವ್ವ ಕುಬಸ ಕೊಟ್ಟಳು. ಮೈಲವ್ವ ಅವ್ವನಿಗೆ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಮೊರದಿಂದ ಐದು ಹಿಡಿ ಬೀಜ ಅಳೆದು ಉಡಿಗೆ ಹಾಕಿದಳು. "ನಿಂದು ನಿನಗ ಬಂತು ನೋಡಕ್ಕ" ಎಂದಳು. ಅವ್ವ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿದು ನೋಡಿ, ತಲೆದೂಗಿದಳು.

ಬರುವಾಗ ಬಸ್ಸಿನಲ್ಲಿ ಚೀಲಕ್ಕೆ ಹಾಕಿಕೊಳ್ಳೋಣ ಎಂದರೆ ಒಪ್ಪಲಿಲ್ಲ. ಎರಡೂ ಕೈಯಲ್ಲಿ ಉಡಿ ಹಿಡಿದೇ ಕೂತಳು. ಕಂಡಕ್ಟರ್ ಬಂದು, "ಏನೈತಜ್ಜಿ ಉಡ್ಯಾಗ, ಬಂಗಾರನ?" ಎಂದು ಕೇಳಿದ.

"ಬಂಗಾರ ಬಿತ್ತಿದ್ರ ಹುಟ್ಟತೈತೇನಪ?" ಎಂದಳು ಅವ್ವ. ಇಡೀ ಬಸ್ಸು ನಕ್ಕಿತು. ಎರಡು ತಿಂಗಳ ನಂತರ ಅವ್ವ ಹೊರಗಿನವರೆದುರು ಆಡಿದ ಮೊದಲ ಜೋರು ಮಾತು ಅದು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತೆ, ಏಕೆಂದರೆ ಕಣ್ಣು ಮತ್ತೆ ಹನಿಗೂಡಿತ್ತು.

ಸೀಗೆ ಹುಣ್ಣಿಮೆಗೆ ಆರು ವಾರ ಉಳಿದಿತ್ತು. ಅಷ್ಟರೊಳಗೆ ಪಲ್ಯಕ್ಕಾಗುವಷ್ಟು ಬೆಳೆಯಬೇಕು. ಕೆಂಪು ಪುಂಡಿಯನ್ನೆಲ್ಲ ಕಿತ್ತು ಹಂಚಿ, ಹಿತ್ತಲು ಅಗೆದೆ. ಶಾಲೆಗೆ ಹೋಗುವ ಮುಂಚೆ ನೀರು, ಬಂದ ಮೇಲೆ ನೀರು. ಸಂಜೆ ಅಳತೆಪಟ್ಟಿ ಹಿಡಿದು ಗಿಡದ ಎತ್ತರ ಅಳೆಯುತ್ತಿದ್ದೆ. ಅವ್ವ ಕಟ್ಟೆಯ ಮೇಲಿಂದ, "ಅಳದ್ರ ಬೆಳಿಯಂಗಿಲ್ಲಲೇ, ಕಳಿ ತಗಿ" ಎಂದು ಗದರುವಳು. ಗದರಿಸಿಕೊಳ್ಳುವುದು ಎಷ್ಟು ಹಿತವಾಗಿತ್ತೆಂದರೆ, ಬೇಕೆಂದೇ ಎರಡು ಸಲ ಅಳೆದೆ. ಹುಣ್ಣಿಮೆಯ ಹಿಂದಿನ ಸಂಜೆ ಗಿಡ ಮೊಣಕಾಲು ದಾಟಿತ್ತು. ಹಸಿರು ದಂಟು ಬಿಸಿಲಿಗೆ ಹೊಳೆಯುತ್ತಿತ್ತು. ಅವ್ವನೇ ಕೂತು ಕುಡಿ ಚಿವುಟಿದಳು.

ಅಡುಗೆ ಮಾತ್ರ ನನ್ನ ಪಾಲಿಗೆ ಬಂತು. "ಹುರಿಯಾಕ ಬರ್ತೈತಂದ ಮ್ಯಾಲ ಕುದಸಾಕೂ ಬರಬೇಕು" ಎಂದು ಅವ್ವ ಹೊಸ್ತಿಲ ಮೇಲೆ ಕೂತು ಆಜ್ಞೆ ಕೊಟ್ಟಳು. ನಾನು ಅಲ್ಯೂಮಿನಿಯಂ ಪಾತ್ರೆ ತೆಗೆದೆ. "ಅದ್ರಾಗ ಬ್ಯಾಡ, ಹುಳಿಗೆ ಕರ್ರಗಾಗ್ತೈತಿ, ಮಣ್ಣಿನ ಗಡಿಗಿ ತಗ." ಎಲೆ ಬೇಯಿಸಿ ನೀರು ಬಸಿದೆ. ಜೋಳದ ನುಚ್ಚು, ಒಂದು ಹಿಡಿ ತೊಗರಿಬೇಳೆ, ಹಸಿಮೆಣಸಿನಕಾಯಿ ಹಾಕಿ ಮತ್ತೆ ಬೇಯಿಸಿದೆ. ಕಡಗೋಲಿನಿಂದ ಕಡೆದೆ. ತೋಳು ನೋವು ಬಂತು. "ಇನ್ನೂ ಕಡಿ" ಎಂದಳು. ಕೊನೆಗೆ ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗಿಸಿ ಒಗ್ಗರಣೆ ಸುರಿದಾಗ ಎದ್ದ ಚೊಂಯ್ ಎಂಬ ಸದ್ದಿಗೆ ವಿಶಾಲಾಕ್ಷಿ ರೊಟ್ಟಿಯ ಹಂಚು ಬಿಟ್ಟು ಎದ್ದು ಬಂದು, "ಘಮ್ಮನ ವಾಸನಿ ಬಂದೈತಿ ನೋಡ್ರಿ ಅತ್ತಿ" ಎಂದಳು.

ಸೀಗೆ ಹುಣ್ಣಿಮೆಯೆಂದರೆ ಅಡುಗೆಯನ್ನು ಹೊಲಕ್ಕೆ ಒಯ್ದು, ಭೂಮಿತಾಯಿಗೆ ಎಡೆ ಮಾಡಿ, ಎಡೆಯ ತುತ್ತನ್ನು ನಾಲ್ಕೂ ದಿಕ್ಕಿಗೆ ಚರಗವೆಂದು ಚೆಲ್ಲಿ, ಎಲ್ಲರೂ ಅಲ್ಲೇ ಕೂತು ಉಣ್ಣುವ ದಿನ. ನಾವು ಹಳ್ಳಿಗೆ, ಚಿಕ್ಕಪ್ಪನ ಮಗನ ಹೊಲಕ್ಕೆ ಹೋದೆವು. ನಮ್ಮೂರ ಹೊಲಗಳಲ್ಲಿ ಅಂದು ಮಧ್ಯಾಹ್ನ ಎತ್ತ ನೋಡಿದರೂ ಬುಟ್ಟಿ ಹೊತ್ತ ಜನ. ನಾನು ಚರಗ ಚೆಲ್ಲಿ ಬಂದೆ. ಅವ್ವನಿಗೆ ರೊಟ್ಟಿಯ ಮೇಲೆ ಪಲ್ಯ ಹಾಕಿ, ಪಕ್ಕಕ್ಕೆ ಈರುಳ್ಳಿ ಇಟ್ಟು, ಎದುರಿಗೆ ಕೂತೆ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ನಾನು ಹಾಗೆ ಕಾದಿರಲಿಲ್ಲ.

ಅವ್ವ ತುತ್ತು ಮುರಿದಳು, ಅದ್ದಿದಳು, ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಅಗಿದಳು. ಇನ್ನೊಂದು ತುತ್ತು. ಒಂದು ರೊಟ್ಟಿ ಮುಗಿಯಿತು. ಎರಡನೆಯ ರೊಟ್ಟಿಗೆ ಕೈ ಚಾಚಿದಳು. ಆಮೇಲೆ ಏನನ್ನಿಸಿತೋ, ನೆಲಕ್ಕೆ ಕೈಯೂರಿ ಎದ್ದು, ಬದುವಿನ ಮೇಲೆ ಹತ್ತಿ ನಿಂತಳು. ಎಡಗೈ ಸೊಂಟಕ್ಕಿಟ್ಟು, ಎಂಜಲು ಬಲಗೈ ಎತ್ತಿ, ಸುತ್ತಲಿನ ನಾಲ್ಕು ಹೊಲಕ್ಕೂ ಕೇಳುವಂತೆ ಕೂಗಿದಳು.

"ಬರ್ರೇ ಎಲ್ಲಾರೂ! ನಮ್ ಪುಂಡಿ ಬಂದೈತಿ, ತಿಂದ್ ಹೋಗ್ರಿ! ನನ್ನ ಕೈ ತಪ್ಪಿದ್ದಿಲ್ಲ! ಈ ಎರಡು ಕಾಲಿನ ಮಾಸ್ತರ ಕತ್ತಿ ಬೀಜಾನ ಹುರದ್ ತಿಂದಿತ್ತು!"

ಅಕ್ಕಪಕ್ಕದ ಹೊಲಗಳಲ್ಲಿ ಊಟ ಮಾಡುತ್ತಿದ್ದ ಜನ, ನನ್ನ ಕೈಯಲ್ಲಿ ಪಾಠ ಕಲಿತವರೂ ಸೇರಿದಂತೆ, ಎದ್ದು ನಿಂತು ನನ್ನನ್ನೇ ನೋಡಿ ಬಿದ್ದು ಬಿದ್ದು ನಕ್ಕರು. ನಾನು ಗಡಿಗೆ ಎತ್ತಿಕೊಂಡು ಬದು ಹತ್ತಿ, ಅವ್ವನ ಪಕ್ಕದಲ್ಲಿ ನಿಂತು, "ಖರೇ ಐತ್ರೀ, ನಾನ ತಿಂದಿದ್ದೆ, ಬರ್ರಿ!" ಎಂದು ಅವಳಿಗಿಂತ ಜೋರಾಗಿ ಕೂಗಿದೆ.